ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಗ್ಯಾಸ್ ಗೀಸರ್ ನಿಲ್ಲುವುದಿಲ್ಲ: ಪುಣೆಯ ಸೊಸೈಟಿ ಸಮಿತಿಗಳಲ್ಲಿರುವ ಕನ್ನಡಿಗರಿಗೆ ಬಹಿರಂಗ ಪತ್ರ

ಮಾನ್ಯರೆ,

ಪುಣೆ, ಪಿಂಪ್ರಿ-ಚಿಂಚವಾಡದ ಹೌಸಿಂಗ್ ಸೊಸೈಟಿಗಳಲ್ಲಿ ಅಧ್ಯಕ್ಷರು, ಸೆಕ್ರೆಟರಿ, ಖಜಾಂಚಿ ಎಂದು ಹೊಣೆ ಹೊತ್ತ ಕನ್ನಡಿಗರು ಬಹಳ ಮಂದಿ ಇದ್ದೀರಿ. ಈ ಪತ್ರ ನಿಮಗೆ. ಬರೆಯುತ್ತಿರುವವರು ಇದೇ ಊರಿನಲ್ಲಿ ವೈರಿಂಗ್, ಇನ್ವರ್ಟರ್, ಗ್ಯಾಸ್ ಫಿಟಿಂಗ್, ಪಂಪು-ಪ್ಲಂಬಿಂಗ್ ಕೆಲಸ ಮಾಡುವ ಕೆಲವರು.

ಚಳಿಗಾಲದಲ್ಲಿ ಕರೆಂಟ್ ಹೋಗುವ ಮಾತು ಸಮಿತಿಯ ಮೀಟಿಂಗಿನಲ್ಲಿ ಬಂದರೆ ಅದು ಜನರೇಟರ್, ಲಿಫ್ಟ್, ಲಾಬಿ ದೀಪಗಳ ಸುತ್ತಲೇ ತಿರುಗಿ ಮುಗಿಯುತ್ತದೆ. ಇವು ಅನುಕೂಲದ ಸಂಗತಿಗಳು, ಬೇಕು. ಆದರೆ ಜೀವ ಹೋಗುವುದು ಬೇರೆ ಕಡೆ: ಮುಚ್ಚಿದ ಬಚ್ಚಲಲ್ಲಿ ಉರಿಯುವ ಗ್ಯಾಸ್ ಗೀಸರ್‌ನಿಂದ, ಮುಚ್ಚಿದ ಕೋಣೆಯಲ್ಲಿಟ್ಟ ಶೇಗಡಿಯಿಂದ (ಇದ್ದಿಲಿನ ಒಲೆ). ಇದನ್ನು ತಡೆಯಲು ತಗಲುವ ಖರ್ಚು ಜನರೇಟರಿನ ಒಂದು ಸರ್ವೀಸಿಂಗಿನಷ್ಟೂ ಆಗದು. ಹಾಗಿದ್ದೂ ಅಜೆಂಡಾದಲ್ಲಿ ಅದು ಬರುವುದೇ ಇಲ್ಲ. ಆದ್ದರಿಂದ ಈ ಪತ್ರದಲ್ಲಿ ಅದೇ ಮೊದಲು, ಅದೇ ಹೆಚ್ಚು.

ಮೊದಲಿಗೆ, ಇಲ್ಲಿ ಚಳಿಗಾಲದಲ್ಲಿ ಕರೆಂಟ್ ಹೋಗುವುದೇಕೆ ಎಂಬುದು ಸ್ವಲ್ಪ. ಮಳೆಗಾಲದಲ್ಲಿ ಹೋದರೆ ಯಾರಿಗೂ ಆಶ್ಚರ್ಯವಿಲ್ಲ. ದೀಪಾವಳಿ ಮುಗಿದು ಎಳ್ಳಮಾಸೆ ಹತ್ತಿರ ಬಂದಾಗ, ಆಕಾಶ ತಿಳಿಯಾಗಿದ್ದಾಗ, ನಸುಕಿನಲ್ಲಿ ಲೈಟ್ ಹೋದರೆ ಜನ ರೇಗುತ್ತಾರೆ. ಕಾರಣ ಇಬ್ಬನಿ. ಮಳೆ ನಿಂತ ಮೇಲೆ ಲೈನಿನ ಪಿಂಗಾಣಿ ಇನ್ಸುಲೇಟರ್‌ಗಳ ಮೇಲೆ ತಿಂಗಳುಗಟ್ಟಲೆ ಧೂಳು ಕೂರುತ್ತದೆ. ಮಳೆಯಾದರೆ ಅದನ್ನು ತೊಳೆದುಬಿಡುತ್ತಿತ್ತು. ಇಬ್ಬನಿಗೆ ತೊಳೆಯುವಷ್ಟು ಶಕ್ತಿಯಿಲ್ಲ, ಧೂಳನ್ನು ಒದ್ದೆ ಮಾಡಿ ಬಿಡುತ್ತದೆ. ಆ ಒದ್ದೆ ಪದರದ ಮೇಲೆ ಕರೆಂಟ್ ಹರಿದು, ಕಿಡಿ ಹಾರಿ, ಲೈನ್ ಟ್ರಿಪ್ ಆಗುತ್ತದೆ. 2022ರ ಫೆಬ್ರವರಿ 9ರ ಬೆಳಗಿನ ಜಾವ ದಟ್ಟ ಮಂಜು-ಇಬ್ಬನಿಗೆ 400 ಕೆ.ವಿ.ಯ ದೊಡ್ಡ ಲೈನ್‌ಗಳೇ ಟ್ರಿಪ್ ಆಗಿ ಪುಣೆ, ಪಿಂಪ್ರಿ-ಚಿಂಚವಾಡ, ಚಾಕಣದ ಬಹಳಷ್ಟು ಭಾಗ ಗಂಟೆಗಟ್ಟಲೆ ಕರೆಂಟಿಲ್ಲದೆ ಕೂತಿತ್ತು. ಎರಡನೆಯ ಕಾರಣ ರಸ್ತೆ ಅಗೆತ. ಮಳೆಗಾಲದಲ್ಲಿ ನಿಂತಿದ್ದ ಅಗೆಯುವ ಕೆಲಸಗಳೆಲ್ಲ ಅಕ್ಟೋಬರ್ ನಂತರ ಒಟ್ಟಿಗೆ ಶುರುವಾಗುತ್ತವೆ, ಜೆಸಿಬಿಯ ಹಲ್ಲಿಗೆ ನೆಲದಡಿಯ ಕೇಬಲ್ ಸಿಗುತ್ತದೆ. ಮೂರನೆಯದು ಗುರುವಾರ, ಇಲ್ಲಿನ ವಿದ್ಯುತ್ ವಿತರಣಾ ಕಂಪನಿ ಮಹಾವಿತರಣದ ದುರಸ್ತಿ ದಿನ. ನಗರಪಾಲಿಕೆಯ ನೀರಿನ ಕೆಲಸಗಳೂ ಹೆಚ್ಚಾಗಿ ಗುರುವಾರವೇ. ಕರೆಂಟೂ ನೀರೂ ಒಂದೇ ದಿನ ಇಲ್ಲದಿರುವುದು ಎಂಥ ತೊಡಕು ತರುತ್ತದೆ ಎಂಬುದು ಮುಂದೆ ಬರುತ್ತದೆ.

ಗಮನಿಸಿ: ಇಬ್ಬನಿಯಿಂದ ಕರೆಂಟ್ ಹೋಗುವ ಹೊತ್ತೂ ಮನೆಮಂದಿಯೆಲ್ಲ ಸ್ನಾನಕ್ಕೆ ಸರದಿ ನಿಲ್ಲುವ ಹೊತ್ತೂ ಒಂದೇ.

ಇನ್ನು ಗ್ಯಾಸ್ ಗೀಸರ್. ಈ ಊರಿನ ಹಳೆಯ ಕಟ್ಟಡಗಳಲ್ಲಿ, ಬಾಡಿಗೆ ಮನೆಗಳಲ್ಲಿ ಅದು ಬಹಳ. ಕಿಡಿ ಹೊತ್ತಿಸಲು ಅದರ ತಳದಲ್ಲಿ ಎರಡು ದಪ್ಪ ಟಾರ್ಚ್ ಸೆಲ್‌ಗಳಿರುತ್ತವೆ, ತಲಾ 1.5 ವೋಲ್ಟ್. ಮನೆಯ ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ. ನಲ್ಲಿ ತಿರುಗಿಸಿದರೆ ಹೊತ್ತಿಕೊಳ್ಳುತ್ತದೆ. ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಮಾತ್ರ ಕರೆಂಟಿನದು. ಲೈಟ್ ಹೋದ ಗಳಿಗೆಯಲ್ಲಿ ಬೆಂಕಿ ಉಳಿಯುತ್ತದೆ, ಗಾಳಿಯಾಡುವುದು ನಿಲ್ಲುತ್ತದೆ. ಎಲೆಕ್ಟ್ರಿಕ್ ಗೀಸರ್ ಇದ್ದವರೂ ಆ ದಿನ ಪಕ್ಕದ ಬಚ್ಚಲಿನ ಹಳೆಯ ಗ್ಯಾಸ್ ಗೀಸರ್ ಹೊತ್ತಿಸುತ್ತಾರೆ. ಚಳಿಗೆ ಕಿಟಕಿಯ ಗಾಜಿನ ಪಟ್ಟಿ ಮುಚ್ಚಿರುತ್ತದೆ, ಅದರ ಸಂದಿಗೆ ಹಳೆ ಬಟ್ಟೆ ತುರುಕಿರುತ್ತದೆ.

ಲೆಕ್ಕ ನೋಡಿ. ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುವ ಸಾಮಾನ್ಯ ಗೀಸರ್ ಪೂರ್ತಿ ಉರಿಯಲ್ಲಿ ಗಂಟೆಗೆ ಹತ್ತಿರ ಹತ್ತಿರ 1 ಕೆ.ಜಿ. ಗ್ಯಾಸ್ ಸುಡುತ್ತದೆ. 1 ಕೆ.ಜಿ. ಎಲ್‌ಪಿಜಿ ಸರಿಯಾಗಿ ಸುಡಲು ಸುಮಾರು 12 ಘನ ಮೀಟರ್ ಗಾಳಿ ಬೇಕು. 4 ಅಡಿಗೆ 6 ಅಡಿ, 8 ಅಡಿ ಎತ್ತರದ ಬಚ್ಚಲಲ್ಲಿ ಇರುವ ಗಾಳಿಯೇ 5.4 ಘನ ಮೀಟರ್. ಎಲ್ಲ ಸಂದಿ ಮುಚ್ಚಿದ್ದರೆ ಐದಾರು ನಿಮಿಷದಲ್ಲಿ ಆಮ್ಲಜನಕ ಶೇ. 21ರಿಂದ ಶೇ. 17ರ ಸುತ್ತ ಇಳಿಯುತ್ತದೆ. ನಿಜದ ಬಚ್ಚಲಲ್ಲಿ ಅಲ್ಲಿಲ್ಲಿ ಗಾಳಿ ನುಸುಳುವುದರಿಂದ ಇನ್ನೂ ಸ್ವಲ್ಪ ಹೊತ್ತು ಹಿಡಿಯಬಹುದು, ಅಷ್ಟೇ. ಆಮ್ಲಜನಕ ಸಾಲದೆ ಅರೆಬರೆ ಸುಟ್ಟಾಗ ಹುಟ್ಟುವುದೇ ಕಾರ್ಬನ್ ಮೊನಾಕ್ಸೈಡ್. ಚಳಿಗಾಲದಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ: ಮೇ ತಿಂಗಳಲ್ಲಿ ಟ್ಯಾಂಕಿನ ನೀರು 27 ಡಿಗ್ರಿ ಇದ್ದರೆ ಜನವರಿಯಲ್ಲಿ 18ರ ಹತ್ತಿರ. ಅದನ್ನು 40ಕ್ಕೆ ಏರಿಸಲು ಉರಿಯನ್ನು ಪೂರ್ತಿ ತೆರೆದು, ಹೆಚ್ಚು ಹೊತ್ತು ಬಿಡುತ್ತಾರೆ.

ಸಿಲಿಂಡರಿನ ಗ್ಯಾಸಿಗೆ ಬೇಕೆಂದೇ ಬೆರೆಸಿದ ನಾತವಿದೆ, ಸೋರಿದರೆ ಗೊತ್ತಾಗುತ್ತದೆ. ಸುಟ್ಟ ಮೇಲೆ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಕಣ್ಣು ಉರಿಯುವುದೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ಆಮೇಲೆ ಕಾಲಿನ ಬಲ ಹೋಗುವುದು. ಕಾಲು ಸೋತಮೇಲೆ ಚಿಲಕ ತೆಗೆಯಬೇಕೆಂದು ಗೊತ್ತಿದ್ದರೂ ಎದ್ದು ತೆಗೆಯಲಾಗುವುದಿಲ್ಲ. ಹೊರಗಿದ್ದವರು ‘ಇವತ್ತು ಸ್ನಾನ ತಡವಾಯ್ತು’ ಅಂದುಕೊಳ್ಳುತ್ತಾರೆ.

ಮಾಡಬೇಕಾದ್ದು ಇದು. ಎಲ್ಲಕ್ಕಿಂತ ಒಳ್ಳೆಯದು ಗೀಸರನ್ನು ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಯುಟಿಲಿಟಿ ಬಾಲ್ಕನಿಗೆ ತಂದು ಬಿಸಿನೀರಿನ ಪೈಪು ಮಾತ್ರ ಒಳಗೆ ಬಿಡುವುದು. ಸಿಲಿಂಡರ್ ಅಂತೂ ಬಚ್ಚಲಲ್ಲಿ ಇರಲೇಕೂಡದು. ಹೊರಗೆ ತರಲು ಆಗದಿದ್ದರೆ ಮುಚ್ಚಲು ಬಾರದ ಎರಡು ಕಿಂಡಿ ಬೇಕು: ನೆಲದ ಹತ್ತಿರ ಒಂದು, ಚಾವಣಿಯ ಹತ್ತಿರ ಒಂದು, ತಲಾ ಒಂದಡಿ ಉದ್ದ, ಅರ್ಧ ಅಡಿ ಎತ್ತರ, ಸ್ಥಿರವಾದ ಜಾಲರಿಯೊಂದಿಗೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಪೈಪಿನಲ್ಲಿ ಬರುವ ಪಿಎನ್‌ಜಿ ಹಗುರ, ಮೇಲೇರುತ್ತದೆ. ಎರಡು ಕಿಂಡಿಯಿದ್ದರೆ ಎರಡಕ್ಕೂ ದಾರಿಯಾಯಿತು. (ಎಲ್‌ಪಿಜಿಯಿಂದ ಪಿಎನ್‌ಜಿಗೆ ಬದಲಾದ ಮನೆಗಳಲ್ಲಿ ಗೀಸರಿನ ಜೆಟ್, ಅಂದರೆ ಗ್ಯಾಸ್ ಹೊರಬರುವ ಸಣ್ಣ ರಂಧ್ರದ ಬಿಡಿಭಾಗ, ಕೂಡ ಬದಲಾಗಿರಬೇಕು. ಬರೀ ಟ್ಯೂಬ್ ಬದಲಿಸಿ ಹಳೆಯ ಜೆಟ್ಟಿನಲ್ಲೇ ಓಡಿಸಬಾರದು.)

ಈ ಪತ್ರದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಡಿ: ಇನ್ವರ್ಟರ್ ಇರುವ ಮನೆಯಲ್ಲಿ, ಗ್ಯಾಸ್ ಗೀಸರ್ ಇರುವ ಬಚ್ಚಲಿನ ಎಕ್ಸಾಸ್ಟ್ ಫ್ಯಾನನ್ನು ಇನ್ವರ್ಟರ್ ಲೈನಿಗೆ ಹಾಕಿಸಿ. ಆರಿಂಚಿನ ಫ್ಯಾನ್ 30–40 ವಾಟ್ ಮಾತ್ರ ತಿನ್ನುತ್ತದೆ. ಇನ್ವರ್ಟರ್ ಹಾಕಿಸುವಾಗ ಹಾಲ್, ಬೆಡ್‌ರೂಂ, ಟಿವಿ ಪಾಯಿಂಟ್ ಎಲ್ಲ ಕೇಳಿ ಹಾಕುತ್ತಾರೆ, ಬಚ್ಚಲಿನ ಫ್ಯಾನ್ ಕೇಳುವವರಿಲ್ಲ. ಆದರೆ ಫ್ಯಾನ್ ಹೊರಗೆ ತಳ್ಳಿದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಬೇಕಲ್ಲ? ಬಾಗಿಲಡಿ ಎರಡಿಂಚು ಸಂದಿ ಅಥವಾ ಕೆಳಗಿನ ಜಾಲರಿ ಇಲ್ಲದಿದ್ದರೆ ಫ್ಯಾನ್ ಸುಮ್ಮನೆ ತಿರುಗುತ್ತದೆ, ಗಾಳಿ ಬದಲಾಗುವುದಿಲ್ಲ.

ಇನ್ವರ್ಟರ್ ಇಲ್ಲದ ಮನೆಗೆ ಖರ್ಚಿಲ್ಲದ ಪದ್ಧತಿಯೊಂದಿದೆ. ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಿ. 18 ಲೀಟರ್ ಬಕೆಟ್ ಮೂರೇ ನಿಮಿಷದಲ್ಲಿ ತುಂಬುತ್ತದೆ. ಗೀಸರ್ ಆರಿಸಿ. ಒಂದೆರಡು ನಿಮಿಷ ಬಾಗಿಲು ಹಾಗೇ ಬಿಟ್ಟು, ಆಮೇಲೆ ಒಳಗೆ ಹೋಗಿ ಚಿಲಕ ಹಾಕಿ. ಕರೆಂಟ್ ಇಲ್ಲದ ದಿನ ಶವರ್ ಬೇಡ. ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡುವಾಗ ಮೂರನೆಯವರಿಗೂ ನಾಲ್ಕನೆಯವರಿಗೂ ಅಪಾಯ ಹೆಚ್ಚು, ಮೊದಲಿನವರು ಬಿಟ್ಟ ಹೊಗೆಗಾಳಿ ಅಲ್ಲೇ ಇರುತ್ತದೆ. ಎಷ್ಟೋ ಗೀಸರ್‌ಗಳಲ್ಲಿ 20 ನಿಮಿಷಕ್ಕೆ ತಾನೇ ಆರುವ ವ್ಯವಸ್ಥೆಯಿದೆ. ಮೇಲಿನ ಲೆಕ್ಕ ನೋಡಿದವರಿಗೆ 20 ನಿಮಿಷ ಎಷ್ಟು ದೀರ್ಘ ಎಂದು ತಿಳಿದೀತು. ಉರಿ ನೀಲಿ ಬಿಟ್ಟು ಹಳದಿಯಾಗಿದ್ದರೆ, ಗೀಸರ್ ಮೇಲಿನ ಗೋಡೆ ಕಪ್ಪಾಗಿದ್ದರೆ ಬರ್ನರ್ ಕಟ್ಟಿಕೊಂಡಿದೆ ಎಂದರ್ಥ, ಶುಚಿ ಮಾಡಿಸುವ ತನಕ ಬಳಸಬೇಡಿ. ರಬ್ಬರ್ ಟ್ಯೂಬಿನ ಮೇಲೆ ಅಚ್ಚಾದ ವರ್ಷ ನೋಡಿ, ಐದು ವರ್ಷವಾಗಿದ್ದರೆ ಬದಲಿಸಿ. ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಸಿಗುತ್ತದೆ. ಅದನ್ನು ಬಚ್ಚಲಿನ ಹಬೆಯಲ್ಲಿಡದೆ ಹೊರಗಿನ ಪ್ಯಾಸೇಜಿನಲ್ಲಿ, ನಿಂತವರ ಮುಖದ ಎತ್ತರಕ್ಕೆ ಹಾಕಬೇಕು. ಹೊಗೆಯ ಅಲಾರಂ ಬೇರೆ, ಅದರಿಂದ ಈ ಕೆಲಸ ಆಗದು.

ಬಚ್ಚಲಿನ ಚಿಲಕ ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯುವಂಥದ್ದಿರಲಿ. ಒಳಗೆ ಯಾರಾದರೂ ಬಿದ್ದಿದ್ದರೆ ಮೊದಲು ಬಾಗಿಲು-ಕಿಟಕಿ ತೆರೆಯಿರಿ, ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಉಸಿರು ಬಿಗಿಹಿಡಿದು ಒಳಗೆ ಹೋಗಿ ಅವರನ್ನು ಬಯಲಿಗೆ ಎಳೆದುತನ್ನಿ. ಉಸಿರಾಟವಿದ್ದರೆ ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆಮಾಡಿ. ಆಸ್ಪತ್ರೆಯಲ್ಲಿ ‘ಗ್ಯಾಸ್ ಗೀಸರ್’ ಎಂಬ ಎರಡು ಪದ ಹೇಳಲು ಮರೆಯಬೇಡಿ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ: ಅದಕ್ಕೆ ಆಮ್ಲಜನಕ ಹಿಡಿದ ರಕ್ತವೂ ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವೂ ಒಂದೇ ಥರ ಕಾಣುತ್ತದೆ, ಉಸಿರುಗಟ್ಟಿದವರಿಗೂ 98 ತೋರಿಸಬಲ್ಲದು. ಬರೀ ಗ್ಯಾಸ್ ಸೋರಿಕೆಯಾದರೆ ತುರ್ತು ಸಂಖ್ಯೆ 1906. ಅಂಥ ಹೊತ್ತಿನಲ್ಲಿ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಇನ್ವರ್ಟರಿನದೂ ಸೇರಿ.

ಇನ್ನೊಂದು ಜಾಗ ನಿಮ್ಮ ಗೇಟಿನ ಬಳಿಯೇ ಇದೆ. ವಾಚ್‌ಮನ್ ಕೋಣೆ. ಈ ಊರಿನ ಎಷ್ಟೋ ಗೇಟುಗಳಲ್ಲಿ, ಕಟ್ಟಡ ಕೆಲಸದ ತಗಡಿನ ಶೆಡ್ಡುಗಳಲ್ಲಿ ಇರುವವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ನಮ್ಮವರೇ. ಕರೆಂಟ್ ಹೋದ ರಾತ್ರಿ ಅವರ ಪುಟ್ಟ ಹೀಟರ್ ನಿಲ್ಲುತ್ತದೆ. ಕಬ್ಬಿಣದ ಬಾಣಲೆಯಲ್ಲೋ ಶೇಗಡಿಯಲ್ಲೋ ಇದ್ದಿಲು ಹಾಕಿ, ಹೊರಗೆ ಹೊಗೆ ಹೋಗುವವರೆಗೆ ಕಾದು, ‘ಈಗ ಹೊಗೆ ಇಲ್ಲ’ ಎಂದು ಒಳಗೆ ತಂದಿಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ತಪ್ಪು ನಡೆಯುವುದು ಇಲ್ಲೇ. ಹೊಗೆಯಿಲ್ಲದೆ ಕೆಂಪಗೆ ನಿಗಿನಿಗಿ ಎನ್ನುವ ಕೆಂಡವೂ ಬಹಳ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಬೂದಿ ಮುಚ್ಚಿದ ಮೇಲೂ ಗಂಟೆಗಟ್ಟಲೆ ಬಿಡುತ್ತಲೇ ಇರುತ್ತದೆ. ಮಲಗಿದವರಿಗೆ ತಲೆನೋವೂ ಎಚ್ಚರ ಮಾಡುವುದಿಲ್ಲ.

ಬೆಂಕಿ ಕಾಯಿಸಬೇಡಿ ಎಂದು ಬರೀ ನೋಟಿಸ್ ಹಚ್ಚಿದರೆ ಚಳಿ ಹೋಗದು. ಬದಲಿಗೆ ಏನು ಕೊಡುತ್ತೀರಿ ಎಂಬುದು ಪ್ರಶ್ನೆ. ಎರಡು ದಪ್ಪ ಕಂಬಳಿ, ನೆಲದ ಥಂಡಿ ತಡೆಯಲು ಮಂಚ ಅಥವಾ ಮರದ ಹಲಗೆ, ಉಣ್ಣೆ ಟೋಪಿ, ರಾತ್ರಿ ಪಾಳಿಯವರಿಗೆ ಥರ್ಮಾಸ್. ಬಾಗಿಲಿನ ಮೇಲ್ಭಾಗದಲ್ಲಿ ಮುಚ್ಚಲಾಗದ ಕಿಂಡಿ. ಲಾಬಿಯ ಇನ್ವರ್ಟರಿನಿಂದ ಆ ಕೋಣೆಗೆ ಒಂದು ದೀಪ, ಒಂದು ಮೊಬೈಲ್ ಚಾರ್ಜಿಂಗ್ ಪಾಯಿಂಟ್. ಕೆಂಡ ಬೇಕೇಬೇಕೆಂದರೆ ಬಯಲಿನಲ್ಲಿ ಕೂತು ಕಾಯಿಸಿಕೊಂಡು, ನೀರು ಹಾಕಿ ಆರಿಸಿ ಒಳಗೆ ಹೋಗುವುದು. ಇದನ್ನು ಮರಾಠಿ ನೋಟಿಸಿನಲ್ಲಿ ಬಿಡದೆ ಅವರ ಮಾತಿನಲ್ಲೇ ಕೂತು ಹೇಳಿ; ಕನ್ನಡದವರು ಸಮಿತಿಯಲ್ಲಿದ್ದೂ ಅಷ್ಟಾಗದಿದ್ದರೆ ಹೇಗೆ?

ಮನೆಯೊಳಗೂ ಅಷ್ಟೇ. ಪುಣೆಯಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1935ರ ಜನವರಿ 17ರ 1.7 ಡಿಗ್ರಿ. ಸಾಮಾನ್ಯ ವರ್ಷಗಳಲ್ಲಿ ನಸುಕಿಗೆ 8ರಿಂದ 12. ಇಟ್ಟಿಗೆ-ಕಾಂಕ್ರೀಟಿನ ಮನೆಯೊಳಗೆ ರಾತ್ರಿಯಿಡೀ ಅದಕ್ಕಿಂತ ಸಾಕಷ್ಟು ಬೆಚ್ಚಗಿರುತ್ತದೆ. ಇದು ಕೌದಿ-ಕಂಬಳಿಗೆ ಬಗ್ಗುವ ಚಳಿ, ಬೆಂಕಿ ಬೇಕಾದ ಚಳಿಯಲ್ಲ. ಮಧ್ಯಾಹ್ನ ಬಿಸಿಲು ಒಳಗೆ ಬಿಟ್ಟುಕೊಂಡು ನಾಲ್ಕೂವರೆ-ಐದಕ್ಕೆ ಕಿಟಕಿ ಮುಚ್ಚಿ ಪರದೆ ಎಳೆಯಿರಿ. ವಯಸ್ಸಾದವರಿಗೆ ತಲೆ, ಕಿವಿ, ಪಾದ ಮುಚ್ಚಿರಲಿ. ರಬ್ಬರಿನ ಬಿಸಿನೀರಿನ ಚೀಲವನ್ನು ಮೂರನೇ ಎರಡು ಭಾಗ ತುಂಬಿ, ಕುದಿಯುವ ನೀರು ಹಾಕದೆ, ಗಾಳಿ ಒತ್ತಿ ತೆಗೆದು, ಬಟ್ಟೆ ಸುತ್ತಿ ಕೊಡಿ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿ ತಿಳಿಯದೆ ಸುಟ್ಟುಹೋಗುವುದರಿಂದ ಅವರಿಗೆ ಅದೂ ಬೇಡ, ಕಾಲುಚೀಲ ಸಾಕು. ಗ್ಯಾಸ್ ಒಲೆ ಹೊತ್ತಿಸಿ ಅಡುಗೆಮನೆಯಲ್ಲಿ ಗುಂಪು ಕೂರುವುದೂ ಕೆಟ್ಟದ್ದೇ.

ಈಗ ಬಿಸಿನೀರು ಮತ್ತು ಗುರುವಾರ. 15 ಲೀಟರಿನ ಎಲೆಕ್ಟ್ರಿಕ್ ಗೀಸರ್ ನೀರನ್ನು 18ರಿಂದ 60 ಡಿಗ್ರಿಗೆ ತರಲು 2000 ವಾಟ್‌ನಲ್ಲಿ ಇಪ್ಪತ್ತೆರಡು ನಿಮಿಷದ ಆಸುಪಾಸು. ಆ 15 ಲೀಟರಿಗೆ ತಣ್ಣೀರು ಬೆರೆಸಿ 40 ಡಿಗ್ರಿ ಮಾಡಿದರೆ 28 ಲೀಟರ್, ಅಂದರೆ ಒಂದೂವರೆ ಬಕೆಟಿಗೂ ಹೆಚ್ಚು ಸಿಗುತ್ತದೆ. ಟ್ಯಾಂಕಿನ ಸುತ್ತ ಫೋಮ್ ಇರುವುದರಿಂದ ನಾಲ್ಕೈದು ಗಂಟೆ ಬಿಸಿ ನಿಲ್ಲುತ್ತದೆ. ಹಾಗಾಗಿ ಬೆಳಿಗ್ಗೆ ಕರೆಂಟ್ ತೆಗೆಯುವ ಮೆಸೇಜ್ ಬಂದಿದ್ದರೆ ಅದಕ್ಕೂ ಅರ್ಧ ಗಂಟೆ ಮೊದಲು ಗೀಸರ್ ಕಾಯಿಸಿಟ್ಟುಕೊಳ್ಳಿ. ಆದರೆ ಇಲ್ಲೊಂದು ತೊಡಕಿದೆ. ಗೀಸರಿನ ಬಿಸಿನೀರು ತಾನಾಗಿ ಇಳಿಯುವುದಿಲ್ಲ, ಕೆಳಗಿನಿಂದ ತಣ್ಣೀರು ಒಳಹೊಕ್ಕು ತಳ್ಳಿದರೆ ಮಾತ್ರ ಮೇಲಿನ ಬಿಸಿನೀರು ಹೊರಗೆ ಬರುತ್ತದೆ. ಗುರುವಾರ ಪಾಲಿಕೆಯ ನೀರಿಲ್ಲ, ಕರೆಂಟಿಲ್ಲದೆ ಪಂಪಿಲ್ಲ, ಹತ್ತು ಗಂಟೆಗೆ ಮೇಲಿನ ಟ್ಯಾಂಕ್ ಖಾಲಿ. ಗೀಸರಲ್ಲಿ 15 ಲೀಟರ್ ಬಿಸಿನೀರಿದ್ದೂ ನಲ್ಲಿಯಲ್ಲಿ ಒಂದು ತೊಟ್ಟೂ ಬಾರದು. ಬುಧವಾರ ರಾತ್ರಿ ಮಲಗುವ ಮುಂಚೆ ಮೇಲಿನ ಟ್ಯಾಂಕ್ ಉಕ್ಕುವ ತನಕ ತುಂಬಿಸುವುದು ಪಂಪ್ ನೋಡುವವರ ಕಾಯಂ ಕೆಲಸವಾಗಲಿ. ನೀರು ವಾಪಸಾದಾಗ ಬಿಸಿ ನಲ್ಲಿ ತೆರೆದು ಗಾಳಿಯ ಬುಸುಬುಸು ನಿಂತು ಧಾರೆ ಸರಿಯಾದ ಮೇಲೆಯೇ ಗೀಸರ್ ಸ್ವಿಚ್ ಹಾಕಬೇಕು. ಒಳಗೆ ನೀರಿಲ್ಲದೆ ಕಾದರೆ ಕಾಯಿಲ್ ಸುಟ್ಟುಹೋಗುತ್ತದೆ. ತಾರಸಿಯ ಸೋಲಾರ್ ಹೀಟರ್ ಮಾಮೂಲಿನದಾದರೆ ಅದಕ್ಕೆ ಕರೆಂಟ್ ಬೇಡ. ಪ್ರೆಷರ್ ಪಂಪ್ ಕೂಡಿಸಿದ್ದರೆ ಮಾತ್ರ ಆ ಪಂಪಿಗೆ ಬೇಕು.

ಇನ್ವರ್ಟರ್ ವಿಷಯದಲ್ಲಿ ಜನರ ಲೆಕ್ಕ ಹೆಚ್ಚಾಗಿ ತಪ್ಪುವುದು ಬ್ಯಾಟರಿಯಲ್ಲಿ. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಎಂದರೆ ಕಾಗದದ ಮೇಲೆ 1800 ವಾಟ್-ಅವರ್. ಪೂರ್ತಿ ಬರಿದು ಮಾಡಬಾರದು, ಇನ್ವರ್ಟರ್ ತಾನೂ ಒಂದಿಷ್ಟು ತಿನ್ನುತ್ತದೆ. ಕೈಗೆ ಸಿಗುವುದು 1100–1200. ಜನವರಿಯ ನಸುಕಿನಲ್ಲಿ ಬಾಲ್ಕನಿಯಲ್ಲಿಟ್ಟ ಬ್ಯಾಟರಿ ಅದರಲ್ಲೂ ಶೇ. 10–15 ಕಡಿಮೆ ಕೊಡುತ್ತದೆ, ಚಳಿಗೆ ಅದರೊಳಗಿನ ರಾಸಾಯನಿಕ ಕ್ರಿಯೆ ನಿಧಾನ. ಆದರೂ ಚಳಿಗಾಲ ಇನ್ವರ್ಟರಿಗೆ ಸುಗ್ಗಿಯ ಕಾಲ. ಸೀಲಿಂಗ್ ಫ್ಯಾನುಗಳಿಲ್ಲ. 9 ವಾಟಿನ ನಾಲ್ಕು ಎಲ್‌ಇಡಿ, ಒಂದು ರೌಟರ್, ಮೊಬೈಲ್ ಚಾರ್ಜರ್, ಬಚ್ಚಲಿನ ಫ್ಯಾನ್ ಸೇರಿ 100 ವಾಟ್ ದಾಟದು. ಹತ್ತು ತಾಸು ನಡೆಯುತ್ತದೆ. ಕೆಡುವುದು ಯಾರೋ ಮಿಕ್ಸಿ ಹಾಕಿದಾಗ, ಇಸ್ತ್ರಿಪೆಟ್ಟಿಗೆ ಚುಚ್ಚಿದಾಗ, ಹೀಟರ್ ರಾಡ್ ಹಾಕಿದಾಗ. 900 ವಿಎ ಇನ್ವರ್ಟರ್ ಮೇಲೆ 1500 ವಾಟ್ ರಾಡ್ ಓಡುವುದು ಸಾಧ್ಯವೇ ಇಲ್ಲ. ಅಂಥ ಪಾಯಿಂಟುಗಳು ಇನ್ವರ್ಟರ್ ಲೈನಿನಲ್ಲಿ ಇರದಂತೆ ನೋಡಿಕೊಳ್ಳಿ.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಆರ್‌ಒ ನೀರು ಕುಡಿಯಲು ಶುದ್ಧವಿರಬಹುದು, ಬ್ಯಾಟರಿಗೆ ಅದರಲ್ಲಿನ ಲವಣವೇ ವಿಷ. ಆ್ಯಸಿಡ್ ಅಂತೂ ಎಂದೂ ಸೇರಿಸಬೇಡಿ. ಪೂರ್ತಿ ಚಾರ್ಜ್ ಆದ ಮೇಲೆ ಫ್ಲೋಟ್ ಹಸಿರು ಗೆರೆಗೆ ಬರುವಷ್ಟು ಹಾಕಿ; ಚಾರ್ಜಿಗೆ ಮೊದಲೇ ತುಂಬಿಸಿದರೆ ಉಕ್ಕಿ ನೆಲ ಸುಡುತ್ತದೆ. ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಟ್ಟು ನೋಡಿದರೆ ಒಳ್ಳೆಯ ಟ್ಯೂಬುಲರ್ ಬ್ಯಾಟರಿ ಪೂರ್ತಿ ಚಾರ್ಜಿನಲ್ಲಿ 1.240ರ ಆಸುಪಾಸು ತೋರಿಸಬೇಕು. ಐದು ಸೆಲ್ ಸರಿಯಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಬ್ಯಾಟರಿಯ ಆಯುಸ್ಸು ಮುಗಿದಂತೆ, ಯಾರು ಏನು ಹೇಳಿ ‘ರಿಪೇರಿ’ ಮಾಡಿಕೊಟ್ಟರೂ ಒಪ್ಪಬೇಡಿ. ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡದ ನೀರಲ್ಲಿ ಒರೆಸಿ, ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಸವರಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಬೀರುವಿನೊಳಗೆ ಮುಚ್ಚಿಟ್ಟು, ಅದರ ಮೇಲೆಯೇ ದೇವರ ಗೂಡು ಮಾಡಿ ದೀಪ ಹಚ್ಚುವ ಮನೆಗಳು ಇವೆ. ದೇವರು ಕಾಯುತ್ತಾನೆ ಎನ್ನಬಹುದು, ಹೈಡ್ರೋಜನ್ ಕೇಳುವುದಿಲ್ಲ.

ಲೈಟ್ ಹೋದ ಕೂಡಲೇ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸುರಕ್ಷಾ ಸ್ವಿಚ್) ಟ್ರಿಪ್ ಆಗುತ್ತದೆ ಎಂಬ ದೂರು ಇದ್ದರೆ ಹೆಚ್ಚಾಗಿ ಇನ್ವರ್ಟರ್ ಕೆಟ್ಟಿರುವುದಿಲ್ಲ. ಹೊಸ ಫೇಸ್ ವೈರ್ ಒಂದನ್ನೇ ಎಳೆದು, ಕರೆಂಟ್ ವಾಪಸಾಗುವ ತಂತಿಯಾದ ನ್ಯೂಟ್ರಲ್ಲನ್ನು ಬೇರೆ ಸರ್ಕ್ಯೂಟಿನ ಜತೆ ಬೆರೆಸಿಬಿಟ್ಟಿರುತ್ತಾರೆ. ಹೋದ ಕರೆಂಟ್ ಬೇರೆ ದಾರಿಯಿಂದ ವಾಪಸಾಗುವುದನ್ನು ಆರ್‌ಸಿಸಿಬಿ ಸೋರಿಕೆ ಎಂದು ತಿಳಿಯುತ್ತದೆ. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಸಬೇಡಿ, ನ್ಯೂಟ್ರಲ್ ಬೇರ್ಪಡಿಸಿ.

ಕರೆಂಟ್ ಹೋದಾಗಿನ ತಪ್ಪುಗಳು ಕಣ್ಣಿಗೆ ಕಾಣುತ್ತವೆ, ವಾಪಸ್ ಬಂದಾಗಿನವು ಕಾಣುವುದಿಲ್ಲ. ಬಕೆಟಿನಲ್ಲಿ ರಾಡ್ ಹಾಕಿದ್ದಾಗ ಲೈಟ್ ಹೋಗುತ್ತದೆ. ನೀರು ಉಗುರುಬೆಚ್ಚಗಿದ್ದರೂ ಸಾಕೆಂದು ತಂಬಿಗೆಯಲ್ಲಿ ಮೊಗೆದು ಸ್ನಾನ ಮುಗಿಸಿ, ರಾಡನ್ನು ಖಾಲಿ ಬಕೆಟಿನಲ್ಲೇ ಬಿಟ್ಟು, ಸ್ವಿಚ್ ಆರಿಸದೆ ಆಫೀಸಿಗೆ ಹೋಗುತ್ತಾರೆ. ಎರಡು ತಾಸಿನ ಮೇಲೆ ಕರೆಂಟ್ ಬಂದರೆ ಪ್ಲಾಸ್ಟಿಕ್ ಬಕೆಟ್ ಹೊತ್ತಿಕೊಳ್ಳುತ್ತದೆ. ಇಸ್ತ್ರಿಪೆಟ್ಟಿಗೆಯದೂ ಇದೇ ಕಥೆ. ಲೈಟ್ ಹೋದ ತಕ್ಷಣ ಪ್ಲಗ್ ಕಿತ್ತಿಡುವುದು, ಫ್ರಿಜ್, ಟಿವಿ, ಗೀಸರ್ ಸ್ವಿಚ್ ಆರಿಸಿ ಒಂದು ದೀಪ ಮಾತ್ರ ಬಿಡುವುದು ಮನೆಯ ಮಕ್ಕಳಿಗೂ ಗೊತ್ತಿರಲಿ.

ಕರೆಂಟ್ ಬಂದಾಗ ಆ ದೀಪವನ್ನು ನೋಡಿ. ಎಂದಿಗಿಂತ ಹೆಚ್ಚು ಬೆಳಗಿದರೆ, ಅಥವಾ ಮಂಕಾಗಿದ್ದು ಪಕ್ಕದ ಮನೆಯದು ಝಗಝಗಿಸಿದರೆ ಕಟ್ಟಡದ ನ್ಯೂಟ್ರಲ್ ಸಡಿಲಾಗಿರಬಹುದು. ಆಗ ಎರಡು ಫೇಸ್‌ಗಳ ನಡುವಿನ 415 ವೋಲ್ಟ್ ಮನೆಗಳ ನಡುವೆ ಹೇಗೆಂದರೆ ಹಾಗೆ ಹಂಚಿಹೋಗುತ್ತದೆ. ಕಡಿಮೆ ಲೋಡ್ ಇರುವ ಮನೆಗೆ 300ಕ್ಕೂ ಹೆಚ್ಚು ಬಂದು ಟಿವಿ, ಫ್ರಿಜ್, ರೌಟರ್ ಒಟ್ಟಿಗೆ ಸುಡುತ್ತವೆ. ಮೇನ್ ಇಳಿಸಿ 1912ಕ್ಕೆ ದೂರು ಕೊಡಿ. ಮೀಟರ್ ರೂಮಿನಲ್ಲಿ ಕೈಹಾಕಿ ಪಕ್ಕದ ಫೇಸಿಗೆ ತಾವೇ ಬದಲಿಸಿಕೊಳ್ಳುವ ಧೀರರು ಪ್ರತಿ ಸೊಸೈಟಿಯಲ್ಲೂ ಒಬ್ಬರಿರುತ್ತಾರೆ, ಅವರನ್ನು ತಡೆಯಿರಿ. ಎಲ್ಲ ಸರಿಯಿದ್ದರೆ ಹತ್ತು ನಿಮಿಷ ಬಿಟ್ಟು ಫ್ರಿಜ್ ಹಾಕಿ.

ಗೀಸರ್ ಮಾತ್ರ ಕಾಯಲಿ. ಬೆಳಿಗ್ಗೆ ಏಳಕ್ಕೆ ಕರೆಂಟ್ ಬಂತೆನ್ನಿ. ಮಾಮೂಲಿ ದಿನ ಒಂದು ಮನೆಯದು ಆರಕ್ಕೆ, ಇನ್ನೊಂದರದು ಎಂಟಕ್ಕೆ ಎಂದು ಚದುರಿರುವ ಗೀಸರ್‌ಗಳು ಆವತ್ತು ಎಲ್ಲವೂ ತಣ್ಣಗಾಗಿದ್ದು ಒಂದೇ ಹೊತ್ತಿಗೆ ಎಳೆಯುತ್ತವೆ. 80 ಮನೆ, ತಲಾ 2000 ವಾಟ್: 160 ಕಿಲೋವಾಟ್, ಮೂರು ಫೇಸಿನಲ್ಲಿ ತಲಾ 220 ಆಂಪಿಯರ್. ಫ್ಯೂಸ್ ಮತ್ತೆ ಹಾರುತ್ತದೆ, ಲೈನ್‌ಮನ್ ಮತ್ತೆ ಬರಬೇಕು, ಜನ ಮತ್ತೆ ಬೈಯುತ್ತಾರೆ. ವಿಂಗ್‌ಗಳಿಗೆ ಸರದಿ ಮಾಡಿ: ಕರೆಂಟ್ ಬಂದ ಹತ್ತು ನಿಮಿಷಕ್ಕೆ ‘ಎ’ ವಿಂಗ್, ಅದಾದ ಇಪ್ಪತ್ತೈದು ನಿಮಿಷಕ್ಕೆ ‘ಬಿ’, ಹೀಗೆ. ಒಂದು ವಾಟ್ಸಾಪ್ ಮೆಸೇಜಿನಲ್ಲಿ ಆಗುವ ಕೆಲಸ.

ಜನರೇಟರ್ ಬಗ್ಗೆ ನಿಮಗೆ ಹೇಳುವವರು ಬಹಳ, ಆದ್ದರಿಂದ ಚುಟುಕಾಗಿ. ವಾರಕ್ಕೊಮ್ಮೆ ಲೋಡ್ ಇಲ್ಲದೆ ಹತ್ತು ನಿಮಿಷ ಗುಡುಗಿಸಿ ನಿಲ್ಲಿಸುವುದರಿಂದ ಒಳಿತಿಗಿಂತ ಕೆಡುಕೇ ಹೆಚ್ಚು: ಅರೆಬೆಂದ ಡೀಸೆಲ್ ಎಕ್ಸಾಸ್ಟಿನಲ್ಲಿ ಕರಿಯಾಗಿ ಕಟ್ಟುತ್ತದೆ. ತಿಂಗಳಿಗೊಮ್ಮೆ ಶೇ. 30ಕ್ಕಿಂತ ಹೆಚ್ಚು ಲೋಡ್ ಕೊಟ್ಟು ಅರ್ಧ ಗಂಟೆ ಓಡಿಸಿ. ಚಳಿಯಲ್ಲಿ ಕೈಕೊಡುವುದು ಹೆಚ್ಚಾಗಿ ಸ್ಟಾರ್ಟಿಂಗ್ ಬ್ಯಾಟರಿ. ಲಾಬಿಯ ಅಲಂಕಾರ ದೀಪಗಳನ್ನು ಜನರೇಟರಿನಿಂದ ತೆಗೆದು ನೀರಿನ ಪಂಪನ್ನು ಹಾಕಿ. ಆ ಮೂರು ಫೇಸಿನ ಮೋಟರಿಗೆ ಸಿಂಗಲ್ ಫೇಸ್ ಪ್ರಿವೆಂಟರ್ ಇರಲಿ, ಒಂದು ಫೇಸ್ ಹೋದರೂ ಓಡುತ್ತಲೇ ಇದ್ದು ಸುಡುವ ಮೋಟರುಗಳೇ ಹೆಚ್ಚು. ಹೊಗೆ ಕೊಳವೆ ಯಾವ ಮನೆಯ ಕಿಟಕಿಗೂ ಮುಖ ಮಾಡಿರಬಾರದು. ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಎಆರ್‌ಡಿ ಇದ್ದರೆ ಅದರ ಬ್ಯಾಟರಿ ಬದಲಿಸಿ ಎಷ್ಟು ಕಾಲವಾಯಿತೆಂದು ನೋಡಿ.

ಯಾವ ಮನೆಯಲ್ಲಿ ರೋಗಿಗೆ ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಇದೆ ಎಂಬ ಪಟ್ಟಿ ಸೆಕ್ರೆಟರಿಯ ಬಳಿ ಇರಲೇಬೇಕು. ನಿಮಿಷಕ್ಕೆ 5 ಲೀಟರ್ ಕೊಡುವ ಯಂತ್ರಕ್ಕೆ 350 ವಾಟ್ ಹಿಡಿದರೆ ಮೇಲೆ ಹೇಳಿದ ಬ್ಯಾಟರಿ ಮೂರು ತಾಸಿಗೆ ಮುಗಿಯುತ್ತದೆ. ಜತೆಗೊಂದು ತುಂಬಿದ ಆಮ್ಲಜನಕದ ‘ಬಿ’ ಅಳತೆಯ ಸಿಲಿಂಡರ್ ಬೇಕು. ಅದರಲ್ಲಿ ಸುಮಾರು 1500 ಲೀಟರ್, ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ತಾಸು. ಇನ್ಸುಲಿನ್ ಬಗ್ಗೆ ಗಾಬರಿ ಬೇಡ: ಬಳಕೆಯಲ್ಲಿರುವ ಬಾಟಲಿ ಪುಣೆಯ ಚಳಿಗಾಲದ ಕೋಣೆಯಲ್ಲಿ ಹೊರಗೇ ಸುರಕ್ಷಿತ. ಕೆಡಿಸುವುದು ಐಸ್‌ಪ್ಯಾಕಿಗೆ ತಾಗಿಸಿಟ್ಟು ಹೆಪ್ಪುಗಟ್ಟಿಸಿದಾಗ. ಫ್ರಿಜ್ ಬಾಗಿಲು ತೆರೆಯದಿದ್ದರೆ ನಾಲ್ಕು ತಾಸು ಚಿಂತೆಯಿಲ್ಲ.

ಮಹಾವಿತರಣದವರಲ್ಲೂ ಒಂದು ಬಿನ್ನಹ. ದುರಸ್ತಿಯ ಮೆಸೇಜ್ ಹಿಂದಿನ ದಿನ ಸಂಜೆಯೊಳಗೆ ಬರಲಿ, ಕರೆಂಟ್ ವಾಪಸಾಗುವ ಅಂದಾಜು ಹೊತ್ತೂ ಅದರಲ್ಲಿರಲಿ, ಡಿಸೆಂಬರ್-ಜನವರಿಯಲ್ಲಿ ಆ ಮೆಸೇಜಿನ ಕೊನೆಗೆ ‘ಗ್ಯಾಸ್ ಗೀಸರ್ ಇದ್ದರೆ ಕಿಟಕಿ ತೆರೆದಿಡಿ’ ಎಂಬ ಒಂದು ಸಾಲು ಸೇರಲಿ.

ಸಮಿತಿಯವರಿಗೆ ಕೊನೆಯ ಕೋರಿಕೆ: ಮುಂದಿನ ಮೀಟಿಂಗಿಗೆ ಮುಂಚೆ ಯಾವ ಯಾವ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ, ಕಿಂಡಿ ಇದೆಯೋ ಇಲ್ಲವೋ ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳಿ. ಬಾಡಿಗೆ ಮನೆಗಳನ್ನು ಬಿಡಬೇಡಿ. ಜಾಲರಿ ಕೂರಿಸಲು ಗೋಡೆ ಒಡೆಯಬೇಕೆಂದರೆ ಮಾಲೀಕರ ಒಪ್ಪಿಗೆ ಬೇಕು, ಬಾಡಿಗೆಯವರು ಕೇಳಲು ಹಿಂಜರಿಯುತ್ತಾರೆ, ಸೆಕ್ರೆಟರಿಯ ಪತ್ರ ಹೋದರೆ ಕೆಲಸವಾಗುತ್ತದೆ. ಇದನ್ನು ಮರಾಠಿಗೋ ಹಿಂದಿಗೋ ತಿರುಗಿಸಿ ಬೋರ್ಡಿಗೆ ಹಚ್ಚಲು ಯಾರ ಅನುಮತಿಯೂ ಬೇಡ.

ಇಂತಿ,
ಪುಣೆಯಲ್ಲಿ ವೈರಿಂಗ್, ಗ್ಯಾಸ್ ಫಿಟಿಂಗ್, ಪಂಪ್ ಮತ್ತು ಇನ್ವರ್ಟರ್ ಕೆಲಸ ಮಾಡುವ ಕೆಲವು ಕನ್ನಡಿಗರು